ಗುಂಡಿನ ಗುಣಪರೀಕ್ಷೆ



ಕಿರಾತಾರ್ಜುನರ ಕಥೆಯನ್ನು ಅರಿಯದವರು ಕನ್ನಡನಾಡಿನಲ್ಲಿ ವಿರಳ. ಪಾಶುಪತಾಸ್ತ್ರಕ್ಕಾಗಿ ತಪಸ್ಸಿನಲ್ಲಿದ್ದ ಅರ್ಜುನನ ಮೇಲೆ ಮೂಕಾಸುರನು ಹಂದಿಯ ರೂಪದಿಂದ ಬೀಳಬಂದನು. ಅರ್ಜುನನ ಬಾಣವೂ, ಬೇಡನ ವೇಷದಿಂದ ಬಂದಿದ್ದ ಈಶ್ವರನ ಬಾಣವೂ ಆ ಹಂದಿಯನ್ನು ತಾಗಿದುವು. ಹಂದಿ ಸತ್ತಿತು, ಜಗಳ ಹುಟ್ಟಿತು. ಕೊಂದುದು ಯಾರ ಬಾಣ? ನಮ್ಮ ಕಡೆಯ ಬಯಲಾಟಗಳಲ್ಲಿ ಈ ಪ್ರಸಂಗವನ್ನು ಕಂಡವರು ಆ ವಾದದ ಸೊಗಸನ್ನು ಬಲ್ಲರು. ಭಕ್ತಿಯ ಅಂಶವನ್ನು ಒತ್ತಟ್ಟಿಗಿಟ್ಟು ನೋಡಿದರೆ ಅದು ಒಂದು ಪರೀಕ್ಷೆಯ ಪ್ರಶ್ನೆ. ಬಿಟ್ಟ ಆಯುಧವು ಮೃಗದ ಒಡಲೊಳಗೆ ಹೊಕ್ಕು ಏನು ಮಾಡಿತು ಎಂಬುದನ್ನು ತಿಳಿಯುವುದು ಹೇಗೆ? ಈ ಹೊತ್ತಿನ ನಮ್ಮ ವಿಷಯವೂ ಅದೇ. ಬಾಣದ ಬದಲು ಗುಂಡು ಎಂಬಷ್ಟೇ ಭೇದ.

ವಿದ್ಯಾಲಯದಲ್ಲಿ ಪಾಠ ಹೇಳುವ ನಮ್ಮಂಥವರಿಗೆ ಈ ವಿಷಯದ ಗೊಡವೆ ಏಕೆಂದು ಕೆಲವರು ಕೇಳಬಹುದು. ಬಾರ್ಕೂರಿನ ಸುತ್ತಿನ ಹಳ್ಳಿಗಳಲ್ಲಿ ವಾಸಮಾಡುವವರಿಗೆ ಇದು ವಿನೋದದ ಮಾತಲ್ಲ. ಹಿಂದೆ ಆಳುಪರ ರಾಜಧಾನಿಯಾಗಿದ್ದು, ವಿಜಯನಗರದ ಕಾಲದಲ್ಲಿ ಒಂದು ರಾಜ್ಯಕ್ಕೆ ತನ್ನ ಹೆಸರನ್ನೇ ಕೊಟ್ಟಿದ್ದ ಈ ಊರು ಇಂದು ಗದ್ದೆ, ತೋಟ, ಹಾಡಿಗಳ ನಡುವೆ ಹರಡಿಕೊಂಡಿದೆ. ಸೀತಾನದಿಯು ಘಟ್ಟದ ಕಾಡಿನಲ್ಲಿ ಹುಟ್ಟಿ, 1974ರಲ್ಲಿ ಅಭಯಾರಣ್ಯವೆನಿಸಿದ ಸೋಮೇಶ್ವರದ ಅರಣ್ಯವನ್ನು ಹಾದು, ಹೆಬ್ರಿಯ ಮೇಲಿಂದ ಈ ಬಯಲಿಗೆ ಇಳಿಯುತ್ತದೆ. ಕಾಡುಹಂದಿಗೆ ಬಾಳಲು ಘೋರಾರಣ್ಯವೇ ಬೇಕೆಂದಿಲ್ಲ. ಹಗಲು ಮಲಗಲು ಒಂದು ಹಾಡಿ, ರಾತ್ರಿ ಮೇಯಲು ಒಂದು ಗದ್ದೆ ಸಾಕು. ಭತ್ತವು ತೆನೆಗಟ್ಟುವ ಹೊತ್ತಿಗೆ, ಗೆಣಸು ನೆಲಗಡಲೆಗಳು ನೆಲದೊಳಗೆ ಬಲಿಯುವ ಹೊತ್ತಿಗೆ ಹಿಂಡು ಬಂದಿತೆಂದರೆ, ತಿಂದುದಕ್ಕಿಂತ ತುಳಿದು ಉತ್ತುಹಾಕಿದುದೇ ಹೆಚ್ಚು. ನಾಲ್ಕು ತಿಂಗಳ ದುಡಿಮೆ ಒಂದು ಇರುಳಿಗೆ ಮಣ್ಣಾಗುತ್ತದೆ.

ಕಾಯಿದೆಯ ಸ್ಥಿತಿಯನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯೂ ಅದಕ್ಕೆ 1991ರಲ್ಲಿ ಆದ ತಿದ್ದುಪಡಿಯೂ ಸೇರಿ ನಮ್ಮ ದೇಶದಲ್ಲಿ ವಿನೋದದ ಬೇಟೆಯನ್ನು ಕೊನೆಗಾಣಿಸಿದುವು. ಜಿಂಕೆ, ಕಡವೆ, ಕಾಡುಕುರಿಗಳ ಮೇಲೆ ಕೋವಿ ಎತ್ತುವುದು ಅಪರಾಧ. ಬೆಳೆಗೆ ಅಥವಾ ಜೀವಕ್ಕೆ ಅಪಾಯ ತರುವ ಹಂದಿಯನ್ನು ಕೊಲ್ಲಲು ಅದೇ ಕಾಯಿದೆಯ 11ನೆಯ ಪ್ರಕರಣದಂತೆ ಅಧಿಕಾರವುಳ್ಳ ಅರಣ್ಯಾಧಿಕಾರಿಯ ಲಿಖಿತವಾದ ಅಪ್ಪಣೆ ಬೇಕು. ನೆರೆಯ ಕೇರಳದಲ್ಲಿ 2022ರಲ್ಲಿ ಈ ಅಪ್ಪಣೆಯನ್ನು ಕೊಡುವ ಅಧಿಕಾರವನ್ನು ಸ್ಥಳೀಯ ಸಂಸ್ಥೆಗಳ ಮುಖ್ಯಸ್ಥರಿಗೆ ವಹಿಸಲಾಯಿತು. ಇನ್ನೊಂದು ಸಂಗತಿಯನ್ನು ಬಹಳ ಮಂದಿ ಗಮನಿಸುವುದಿಲ್ಲ. ಕಾಯಿದೆಯಲ್ಲಿ ‘ಬೇಟೆ’ ಎಂಬ ಮಾತಿಗೆ ಕೊಲ್ಲುವುದೆಂದು ಮಾತ್ರವೇ ಅರ್ಥವಲ್ಲ. ಗಾಯಪಡಿಸುವುದೂ ಅದರಲ್ಲಿ ಸೇರಿದೆ. ನಮ್ಮ ವಿಚಾರಕ್ಕೆ ಈ ಅಂಶವು ಮುಂದೆ ಬೇಕಾಗುತ್ತದೆ.

ಇನ್ನು ಗುಂಡಿನ ಕೆಲಸವೇನೆಂಬುದನ್ನು ನೋಡೋಣ. ಗುಂಡು ಮೃಗವನ್ನು ಕೊಲ್ಲುವುದು ಎರಡೇ ಬಗೆಯಿಂದ. ಮಿದುಳನ್ನೋ ಕತ್ತಿನ ಬೆನ್ನುಹುರಿಯನ್ನೋ ಕೆಡಿಸಿದರೆ ಮೃಗವು ನಿಂತಲ್ಲಿಯೇ ಬೀಳುತ್ತದೆ. ಹೃದಯ, ಪುಪ್ಪುಸ, ಹಿರಿಯ ರಕ್ತನಾಳಗಳನ್ನು ಹರಿದರೆ ರಕ್ತವು ಸೋರಿ, ಮಿದುಳಿಗೆ ಪ್ರಾಣವಾಯು ತಲುಪದೆ ಸಾಯುತ್ತದೆ. ಈ ಎರಡನೆಯ ಬಗೆಯಲ್ಲಿ ಹೃದಯವೇ ಛಿದ್ರವಾದರೂ ಮಿದುಳಿನಲ್ಲಿ ಉಳಿದ ಪ್ರಾಣವಾಯುವು ಹತ್ತು ಹದಿನೈದು ಸೆಕೆಂಡುಗಳ ಓಟಕ್ಕೆ ಸಾಲುತ್ತದೆ. ಸೆಕೆಂಡಿಗೆ ಹತ್ತು ಗಜ ಓಡಬಲ್ಲ ಜಿಂಕೆಯು ಅಷ್ಟರಲ್ಲಿ ನೂರು ಗಜವನ್ನು ದಾಟಿರುತ್ತದೆ. ಆದುದರಿಂದ ಗುಂಡು ತಾಗಿದ ಮೃಗವು ಓಡಿತೆಂದ ಮಾತ್ರಕ್ಕೆ ಗುಂಡು ಸೋತಿತೆನ್ನಲಾಗದು. ಹಾಗೆಯೇ ಬಿದ್ದಿತೆಂದ ಮಾತ್ರಕ್ಕೆ ಗೆದ್ದಿತೆಂದೂ ಹೇಳಲಾಗದು. ಹಂದಿಯ ಬೆನ್ನಿನ ಮೇಲೆ ನಿಮಿರಿದ ಕೂದಲಿನ ಕೆಳಗೆ ಎತ್ತರವಾದ ಎಲುಬಿನ ಮುಳ್ಳುಗಳೂ ಮಾಂಸವೂ ಉಂಟು. ನಿಜವಾದ ಬೆನ್ನುಹುರಿ ಇರುವುದು ಅದಕ್ಕಿಂತ ಕೆಳಗೆ. ಆ ಎತ್ತರಕ್ಕೆ ಗುಂಡು ತಾಗಿದರೆ ಹಂದಿಯು ಸಿಡಿಲೆರಗಿದಂತೆ ಬೀಳುವುದುಂಟು. ಹೊಡೆದವನು ಹತ್ತಿರ ಬರುವಷ್ಟರಲ್ಲಿ ಎದ್ದು ನಿಲ್ಲುವುದೂ ಉಂಟು.

ಜಿಂಕೆಗೂ ಹಂದಿಗೂ ಒಂದೇ ಗುಂಡು ಏಕೆ ಸಲ್ಲದೆಂಬುದು ಇಲ್ಲಿಂದ ತಿಳಿಯುತ್ತದೆ. ಜಿಂಕೆಯ ಚರ್ಮ ತೆಳುವು, ಪಕ್ಕೆಯ ಎಲುಬು ಸಣ್ಣದು, ಎದೆಗೂಡು ಕಿರಿದು. ಅರಳದ ಗಡಸು ಗುಂಡು ಅದರ ಎದೆಯನ್ನು ಸೂಜಿಯಂತೆ ತೂರಿ ಆಚೆಗೆ ಹೋಗಬಹುದು. ಗಾಯ ಕಿರಿದು, ಸಾವು ನಿಧಾನ. ಅಲ್ಲಿಗೆ ಬೇಕಾದುದು, ತಾಗಿದೊಡನೆ ಮೂತಿಯು ಹೂವಿನಂತೆ ಅರಳುವ ಮೆತ್ತನೆಯ ಸೀಸದ ಗುಂಡು. ಹಂದಿಯ ದೇಹರಚನೆಯೇ ಬೇರೆ. ಬಲಿತ ಗಂಡುಹಂದಿಯ ಹೆಗಲಿನ ಮೇಲೆ ಚರ್ಮದಡಿಯಲ್ಲಿ ಮೆಲ್ಲೆಲುಬಿನಂತೆ ಗಟ್ಟಿಯಾದ, ಅಂಗುಲದಷ್ಟು ದಪ್ಪವಾದ ಪದರವೊಂದು ಬೆಳೆದಿರುತ್ತದೆ. ಗಂಡು ಗಂಡುಗಳ ಕಾಳಗದಲ್ಲಿ ಕೋರೆಯ ಪೆಟ್ಟನ್ನು ತಡೆಯಲು ಪ್ರಕೃತಿ ತೊಡಿಸಿದ ಗುರಾಣಿ ಅದು. ಹೃದಯ ಪುಪ್ಪುಸಗಳಾದರೋ ಎದೆಯ ತಗ್ಗಿನಲ್ಲಿ, ಮುಂಗಾಲಿನ ಮರೆಯಲ್ಲಿ, ಆ ಗುರಾಣಿಯ ಹಿಂದೆಯೇ ಅಡಗಿವೆ. ಜಿಂಕೆಗೆ ಹೊಡೆಯುವಂತೆ ಹೆಗಲಿನ ಹಿಂದಕ್ಕೆ ಗುರಿಯಿಟ್ಟರೆ ಗುಂಡು ಹೊಟ್ಟೆಯನ್ನು ಸೇರುವ ಸಂಭವವೇ ಹೆಚ್ಚು. ಬೇಗನೆ ಅರಳುವ ಗುಂಡು ಗುರಾಣಿಯಲ್ಲಿಯೇ ಚೂರಾಗಬಹುದು; ಆಗ ಹೊರಗೆ ದೊಡ್ಡ ಗಾಯ, ಒಳಗೆ ಏನೂ ಇಲ್ಲ. ಮೇಲಾಗಿ ಚರ್ಮದಡಿಯ ಕೊಬ್ಬು ಗಾಯದ ಬಾಯನ್ನು ಮುಚ್ಚುವುದರಿಂದ ನೆಲದ ಮೇಲೆ ರಕ್ತವೂ ಬೀಳದು. ಜಾಡು ಹಿಡಿಯುವುದು ಕಷ್ಟ.

ಹೀಗೆ ಗುಂಡಿನಲ್ಲಿ ಒಂದಕ್ಕೊಂದು ವಿರೋಧವಾದ ಎರಡು ಗುಣಗಳನ್ನು ಬಯಸಬೇಕಾಗುತ್ತದೆ: ಅರಳಬೇಕು, ಆಳಕ್ಕೂ ಹೋಗಬೇಕು. ಬಿಡಿಸಿದ ಕೊಡೆಯನ್ನು ಗಾಳಿಗೆದುರಾಗಿ ಹಿಡಿದು ನಡೆದವರಿಗೆ ಈ ವಿರೋಧವು ಗೊತ್ತು. ಅಗಲವಾದಷ್ಟೂ ತಡೆ ಹೆಚ್ಚು. ತಡೆ ಹೆಚ್ಚಿದಷ್ಟೂ ನಡಿಗೆ ಕಡಮೆ. ಈ ತೊಡಕನ್ನು ಬಿಡಿಸಿದವರಲ್ಲಿ ಅಮೆರಿಕದ ಜಾನ್ ನಾಸ್ಲರ್ ಎಂಬವನ ಹೆಸರು ಪ್ರಸಿದ್ಧವಾದುದು. 1946ರಲ್ಲಿ ಕೆನಡದ ಬ್ರಿಟಿಷ್ ಕೊಲಂಬಿಯದಲ್ಲಿ ಅವನು ‘ಮೂಸ್’ ಎಂಬ ಭಾರಿಯ ಜಿಂಕೆಯ ಬೇಟೆಗೆ ಹೋದನು. ಅದರ ಮೈಯ ಮೇಲೆ ಕೆಸರು ಒಣಗಿ ಹೆಪ್ಪುಗಟ್ಟಿತ್ತು. ಅವನ ರೈಫಲಿನ ವೇಗವಾದ ಗುಂಡುಗಳು ಹೊರಮೈಯಲ್ಲಿಯೇ ಒಡೆದು, ಒಳಗಿನ ಮರ್ಮಸ್ಥಾನವನ್ನು ಮುಟ್ಟದೆ ಹೋದುವು. ಊರಿಗೆ ಬಂದು ಅವನು ತಾಮ್ರದ ಕವಚದ ನಡುವೆ ಅಡ್ಡಗೋಡೆಯೊಂದನ್ನು ಇಟ್ಟು ಗುಂಡನ್ನು ರಚಿಸಿದನು. ಗೋಡೆಯ ಮುಂದಿನ ಸೀಸವು ಅರಳುತ್ತದೆ. ಹಿಂದಿನ ಸೀಸವು ಕೆಡದೆ ಅದನ್ನು ಒಳಕ್ಕೆ ದೂಡುತ್ತದೆ. 1948ರಿಂದ ಆ ಗುಂಡು ಮಾರಾಟಕ್ಕೆ ಬಂದಿತು. ಗಮನಿಸತಕ್ಕ ವಿಷಯವೆಂದರೆ, ಆ ವೇಗವಾದ ಗುಂಡು ಮಂದವಾದುದೆಂದು ಸೋತಿದ್ದಲ್ಲ. ವೇಗ ಹೆಚ್ಚಾಗಿಯೇ ಸೋತಿತು.

ಆದರೂ ಗುಂಡಿನ ಪೆಟ್ಟಿಗೆಯ ಮೇಲೆ ಅಚ್ಚಾಗುವುದು ತೂಕ, ವೇಗ, ಶಕ್ತಿಗಳ ಅಂಕಿಗಳೇ. ಅವು ಸುಳ್ಳಲ್ಲ, ಸಾಲದೆಂಬುದಷ್ಟೇ ನಮ್ಮ ಮಾತು. ಸೈನ್ಯದಲ್ಲಿ ಬಹುಕಾಲ ಬಳಕೆಯಲ್ಲಿದ್ದ 303 ರೈಫಲಿನ ಏಳನೆಯ ಮಾದರಿಯ ಗುಂಡು 174 ಗ್ರೇನ್, ಎಂದರೆ ಹನ್ನೊಂದು ಗ್ರಾಮಿಗೆ ಸ್ವಲ್ಪ ಮೇಲೆ ತೂಗುತ್ತದೆ; ನಳಿಗೆಯನ್ನು ಬಿಡುವಾಗ ಅದರ ವೇಗ ಸೆಕೆಂಡಿಗೆ 2440 ಅಡಿ; ಶಕ್ತಿ ಸುಮಾರು 3100 ಜೂಲ್. ನಮ್ಮ ಬೇಸಾಯಗಾರನ ಕೈಯಲ್ಲಿರುವುದು ಇಂಥ ರೈಫಲಲ್ಲ. 1959ರ ಆಯುಧ ಕಾಯಿದೆಯು ಬೆಳೆರಕ್ಷಣೆಗಾಗಿ ಬಾಯಿಂದ ಮದ್ದು ತುಂಬುವ ಕೋವಿಯ ಪರವಾನಗಿಗೆ ಪ್ರತ್ಯೇಕವಾಗಿ ಎಡೆಮಾಡಿಕೊಟ್ಟಿದೆ. ಅದು ಕೇಪಿನ ಕೋವಿ. ಉಳಿದವರದು ನುಣುಪು ನಳಿಗೆಯ ತೋಟಾ ಕೋವಿ. ಹನ್ನೆರಡನೆಯ ಬೋರಿನ ಕೋವಿಯೆಂದರೆ, ಅದರ ನಳಿಗೆಗೆ ಸರಿಯಾಗುವ ಸೀಸದ ಗುಂಡುಗಳು ಹನ್ನೆರಡು ಸೇರಿದರೆ ಒಂದು ಪೌಂಡು ತೂಗುವುವು ಎಂದರ್ಥ. ಹಾಗಾದರೆ ಒಂದೊಂದು ಗುಂಡು 37 ಗ್ರಾಮಿಗೆ ಮೇಲೆ. ಅಡ್ಡಳತೆ ಹದಿನೆಂಟು ಮಿಲಿಮೀಟರಿಗೆ ಮೇಲೆ. ಈಗಿನ ರೈಫಲಿನ ಎಂಟು ಮಿಲಿಮೀಟರಿಗೂ ಕಿರಿದಾದ ಗುಂಡು ಒಡಲಲ್ಲಿ ಅರಳಿ ಇಮ್ಮಡಿಯಾದರೂ, ಹಳೆಯ ಸೀಸದ ಉಂಡೆಯು ತಾಗುವ ಮೊದಲೇ ಇದ್ದ ಅಗಲವನ್ನು ಮುಟ್ಟದು. ಅಜ್ಜನ ಕೋವಿಯು ಹತ್ತಿರದಲ್ಲಿ ಹಂದಿಯನ್ನು ಕೆಡವುತ್ತಿದ್ದುದರ ಗುಟ್ಟು ಇದು. ಆದರೆ ಗುಂಡುಂಡೆಯು ಗಾಳಿಯಲ್ಲಿ ಬೇಗ ವೇಗ ಕಳೆದುಕೊಳ್ಳುತ್ತದೆ; ತಿರುಗುಗೆರೆಗಳಿಲ್ಲದ ನಳಿಗೆಯಿಂದ ಅದು ದೂರಕ್ಕೆ ನೇರವಾಗಿ ಹೋಗದು.

ಚರೆಯ ತೋಟಾಗಳ ವಿಚಾರ ಇನ್ನೂ ಎಚ್ಚರದಿಂದ ತಿಳಿಯತಕ್ಕುದು. ಎಲ್‌ಜಿ ಎಂಬ ದೊಡ್ಡ ಚರೆಯು ಬ್ರಿಟಿಷ್ ಮಾನದಂತೆ ಔನ್ಸಿಗೆ ಆರು. ಎಸ್‌ಜಿ ಔನ್ಸಿಗೆ ಎಂಟು. ಒಂದು ಎಲ್‌ಜಿ ಚರೆಯ ತೂಕ ಐದು ಗ್ರಾಮಿಗಿಂತ ಕಡಮೆ. ಅದರ ಶಕ್ತಿಯು ನಳಿಗೆಯ ಬಾಯಲ್ಲಿಯೇ ಆ ರೈಫಲಿನ ಗುಂಡಿನ ಶಕ್ತಿಯಲ್ಲಿ ಸುಮಾರು ಹತ್ತನೆಯ ಒಂದು ಪಾಲು. ಎಲ್ಲ ಚರೆಗಳೂ ಒಟ್ಟಾಗಿ ತಾಗುವಷ್ಟು ಸಮೀಪದಲ್ಲಿ ಅದು ಮಾರಕ. ನಲವತ್ತು ಐವತ್ತು ಗಜಕ್ಕೆ ಚರೆಗಳು ಚೆದರಿ, ಒಂದೋ ಎರಡೋ ಹಂದಿಯ ಮೈಗೆ ಹೋಗುತ್ತವೆ. ಅವು ಗುರಾಣಿಯಲ್ಲೋ ಹೊಟ್ಟೆಯಲ್ಲೋ ನಿಲ್ಲುತ್ತವೆ. ಆ ಹಂದಿ ಆ ರಾತ್ರಿ ಸಾಯುವುದಿಲ್ಲ.

ಗುಂಡನ್ನು ಪ್ರಾಣಿಯ ಮೇಲೆ ಹಾರಿಸದೆಯೇ ಪರೀಕ್ಷಿಸುವ ಉಪಾಯಗಳಿಲ್ಲವೆ ಎಂದರೆ, ಇವೆ. ಜೆಲಟಿನನ್ನು ನೀರಿನಲ್ಲಿ ನೂರಕ್ಕೆ ಹತ್ತರ ಪ್ರಮಾಣದಲ್ಲಿ ಕರಗಿಸಿ, ತಣ್ಣಗೆ ಹೆಪ್ಪುಗಟ್ಟಿಸಿ, ಆ ಇಟ್ಟಿಗೆಗೆ ಗುಂಡು ಹೊಡೆದು ನೋಡುತ್ತಾರೆ. ಅದು ಸುಮಾರಾಗಿ ಮಾಂಸದಂತೆಯೇ ಗುಂಡನ್ನು ತಡೆಯುತ್ತದೆ. 1986ರಲ್ಲಿ ಮಯಾಮಿ ನಗರದಲ್ಲಿ ನಡೆದ ಹೋರಾಟವೊಂದರಲ್ಲಿ, ಅಪರಾಧಿಯ ಮೈಹೊಕ್ಕ ಗುಂಡು ಹೃದಯವನ್ನು ಮುಟ್ಟದೆ ನಿಂತುದರಿಂದ ಅಮೆರಿಕದ ಕೇಂದ್ರ ಪೊಲೀಸರು ಈ ಪರೀಕ್ಷೆಯನ್ನು ಕಟ್ಟುನಿಟ್ಟಾಗಿ ರೂಢಿಗೆ ತಂದು, ಗುಂಡು ಕನಿಷ್ಠ ಹನ್ನೆರಡು ಅಂಗುಲ ಹೋಗಬೇಕೆಂದು ಗೊತ್ತುಮಾಡಿದರು. ಒಂದು ಗುಂಡನ್ನು ಇನ್ನೊಂದರೊಡನೆ ಹೋಲಿಸಲು ಇದು ಒಳ್ಳೆಯ ಸಾಧನ. ಆದರೆ ಜೆಲಟಿನಿಗೆ ಎಲುಬಿಲ್ಲ, ಗುರಾಣಿಯಿಲ್ಲ, ಕೆಸರಿಲ್ಲ. ಅದು ಓರೆಯಾಗಿ ತಿರುಗಿ ನಿಲ್ಲುವುದೂ ಇಲ್ಲ.

ಇಲ್ಲಿ ಲೋಕದ ನೀತಿಯ ಒಂದು ವೈಚಿತ್ರ್ಯವನ್ನು ಹೇಳದೆ ಮುಂದೆ ಹೋಗಲಾರೆವು. ಅರಳುವ ಗುಂಡಿಗೆ ಹೆಸರು ಬಂದುದು ನಮ್ಮ ದೇಶದಿಂದಲೇ. 1890ರ ದಶಕದಲ್ಲಿ ಕಲ್ಕತ್ತೆಯ ಬಳಿಯ ದಮ್‌ದಮ್ ಕಾರ್ಖಾನೆಯಲ್ಲಿ ಅದನ್ನು ಸೈನ್ಯಕ್ಕಾಗಿ ಮಾಡಿದರು. 1899ರಲ್ಲಿ ಹೇಗ್ ನಗರದಲ್ಲಿ ಸೇರಿದ ರಾಷ್ಟ್ರಗಳು, ಮನುಷ್ಯರ ಮೇಲೆ ಇಂಥ ಗುಂಡು ಕ್ರೂರವೆಂದು ಯುದ್ಧದಲ್ಲಿ ಅದನ್ನು ನಿಷೇಧಿಸುವ ಘೋಷಣೆ ಮಾಡಿದುವು. ಅದೇ ಇಂಗ್ಲೆಂಡಿನಲ್ಲಿ 1991ರ ಜಿಂಕೆಗಳ ಕಾಯಿದೆಯು, ರೈಫಲಿನಿಂದ ಜಿಂಕೆಯನ್ನು ಹೊಡೆಯುವುದಾದರೆ ಮೆದುಮೂತಿಯ ಅಥವಾ ಟೊಳ್ಳುಮೂತಿಯ ಗುಂಡನ್ನೇ ಬಳಸಬೇಕೆಂದು ವಿಧಿಸಿತು. ಮೇಲ್ನೋಟಕ್ಕೆ ವಿರೋಧ, ಒಳಗೆ ವಿರೋಧವಿಲ್ಲ. ಯುದ್ಧದಲ್ಲಿ ಗಾಯಗೊಂಡವನಿಗೆ ವೈದ್ಯನುಂಟು, ಡೋಲಿಯುಂಟು, ಬದುಕುವ ಆಸೆಯುಂಟು. ಗಾಯಗೊಂಡ ಮೃಗಕ್ಕೆ ಅವಾವುವೂ ಇಲ್ಲ. ಅದಕ್ಕೆ ನಾವು ತೋರಬಹುದಾದ ದಯೆ ಒಂದೇ: ಸಾವು ತಡವಾಗದಿರುವುದು.

ಈಗ ನಮ್ಮ ಮಾತಿನ ತಿರುಳಿಗೆ ಬರುತ್ತೇವೆ. ಯಾವ ಊರಿನಲ್ಲಿಯೇ ಆಗಲಿ, ಗುಂಡಿನ ಗುಣವನ್ನು ಹೊಗಳುವವರು ಬಿದ್ದ ಮೃಗಗಳನ್ನು ಎಣಿಸಿ ಹೊಗಳುತ್ತಾರೆ. ಒಡಲಿನಿಂದ ತೆಗೆದ ಗುಂಡನ್ನು ಅಂಗೈಯಲ್ಲಿಟ್ಟು, ‘ನೋಡಿ, ಎಷ್ಟು ಚೆನ್ನಾಗಿ ಅರಳಿದೆ’ ಎನ್ನುತ್ತಾರೆ. ಆ ಗುಂಡು ಕೈಗೆ ಬಂದುದಾದರೂ ಏಕೆ? ಮೃಗವು ಸತ್ತು ಸಿಕ್ಕಿದುದರಿಂದ. ಸೋತ ಗುಂಡು ಎಲ್ಲಿ? ಓಡಿಹೋದ ಹಂದಿಯ ಒಡಲಿನಲ್ಲಿ. ಗೆದ್ದ ಗುಂಡು ಸಾಕ್ಷಿ ಹೇಳಲು ಉಳಿಯುತ್ತದೆ. ಸೋತ ಗುಂಡಿನ ಸಾಕ್ಷ್ಯವನ್ನು ಮೃಗವು ಹೊತ್ತುಕೊಂಡು ಹಾಡಿಯನ್ನು ಹೊಕ್ಕುಬಿಡುತ್ತದೆ. ಹತ್ತು ಈಡುಗಳನ್ನು ಹೊಡೆದರೆಂದು ಕಲ್ಪಿಸಿಕೊಳ್ಳೋಣ. ಆರು ಹಂದಿ ಬಿದ್ದುವು. ಎರಡು ಈಡು ತಪ್ಪಿದುವು. ಎರಡು ಹಂದಿ ಗಾಯಗೊಂಡು ಹೋದುವು. ಊರಿನ ಮಾತಿನಲ್ಲಿ ಈ ಗುಂಡು ಆರಕ್ಕೆ ಆರು. ನಿಜವಾದ ಲೆಕ್ಕದಲ್ಲಿ ತಾಗಿದ ಎಂಟರಲ್ಲಿ ಆರು, ನಾಲ್ಕಕ್ಕೊಂದರಂತೆ ಸೋಲು.

ಈ ಬಗೆಯ ಮರೆವು ಬೇಟೆಗಾರರದೊಂದೇ ಅಲ್ಲ. ಎರಡನೆಯ ಮಹಾಯುದ್ಧದಲ್ಲಿ, 1943ರಲ್ಲಿ, ಕೊಲಂಬಿಯ ವಿಶ್ವವಿದ್ಯಾನಿಲಯದ ಸಂಖ್ಯಾಶಾಸ್ತ್ರಜ್ಞರ ತಂಡದಲ್ಲಿದ್ದ ಅಬ್ರಹಾಮ್ ವಾಲ್ಡ್ ಎಂಬ ಪಂಡಿತನು ಶತ್ರುವಿನ ಗುಂಡು ತಿಂದು ಹಿಂದಿರುಗಿದ ವಿಮಾನಗಳ ಲೆಕ್ಕವನ್ನು ಪರಿಶೀಲಿಸಿದನು. ಹಿಂದಿರುಗಿದ ವಿಮಾನಗಳಲ್ಲಿ ಎಲ್ಲಿ ತೂತು ಕಡಮೆಯೋ ಅಲ್ಲಿಯೇ ಅಪಾಯ ಹೆಚ್ಚು. ಏಕೆಂದರೆ ಅಲ್ಲಿ ಪೆಟ್ಟು ತಿಂದವು ಹಿಂದಿರುಗಲೇ ಇಲ್ಲ. ಇಲ್ಲದವರ ಸಾಕ್ಷ್ಯವನ್ನೂ ಲೆಕ್ಕಕ್ಕೆ ಹಿಡಿಯಬೇಕೆಂಬುದು ಈ ವಿಚಾರದ ಸಾರ.

ನಮ್ಮ ನಾಡಿನಲ್ಲಿಯೂ ಇಂಥ ಪ್ರಾಮಾಣಿಕವಾದ ಲೆಕ್ಕಕ್ಕೆ ಉದಾಹರಣೆ ಇಲ್ಲದಿಲ್ಲ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತು, ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿರುವ ಶಾಸನವು ಕ್ರಿಸ್ತಶಕ 949–50ರದು. ಗಂಗರ ಬೂತುಗನ ಕಡೆಯ ವೀರನಾದ ಮಣಲೇರನು ತನ್ನ ಪರಾಕ್ರಮಕ್ಕೆ ಮೆಚ್ಚಾಗಿ ‘ಕಾಳಿ’ ಎಂಬ ಬೇಟೆನಾಯಿಯನ್ನು ಬೇಡಿ ಪಡೆದನು. ಆ ಕಾಳಿಯು ಹಿರಿಯ ಹಂದಿಯೊಂದರೊಡನೆ ಹೋರಾಡಿತು. ನಾಯಿಯೂ ಹಂದಿಯೂ ಎರಡೂ ಸತ್ತುವು. ಮಣಲೇರನು ಕಲ್ಲು ನಿಲ್ಲಿಸಿದನು. ನಾಯಿ ಗೆದ್ದಿತೆಂದಷ್ಟೇ ಬರೆಯಿಸಬಹುದಾಗಿತ್ತು. ಹಾಗೆ ಮಾಡದೆ, ಬಿದ್ದ ಹಂದಿಯನ್ನೂ ಅದಕ್ಕೆ ತೆತ್ತ ಬೆಲೆಯನ್ನೂ ಒಂದೇ ಕಲ್ಲಿನಲ್ಲಿ ಕೆತ್ತಿಸಿದನು. ಸಾವಿರ ವರ್ಷಗಳ ಮೇಲೆ ನಾವು ಅದನ್ನು ನಂಬುವುದು ಆ ಕಾರಣದಿಂದಲೇ.

ಅಪ್ಪಣೆ ಪಡೆದು ಕೋವಿ ಹಿಡಿಯುವವರು ಒಂದು ಸಣ್ಣ ಪುಸ್ತಕವನ್ನು ಇಟ್ಟುಕೊಂಡರೆ ಈ ಪರೀಕ್ಷೆ ಸುಲಭವಾಗುತ್ತದೆ. ಪ್ರತಿಯೊಂದು ಈಡಿಗೂ ಬರೆಯತಕ್ಕುವು ಇಷ್ಟೇ: ಹೆಜ್ಜೆಯಲ್ಲಿ ಅಳೆದ ದೂರ, ಮೃಗವು ನಿಂತ ಓರೆ, ಗುಂಡು ಹೊಕ್ಕ ಎಡೆ, ಹೊರಟಿದ್ದರೆ ಹೊರಟ ಎಡೆ, ತಾಗಿದ ಮೇಲೆ ಓಡಿದ ದೂರ, ಒಡಲಿನಲ್ಲಿ ಸಿಕ್ಕಿದ ಗುಂಡಿನ ತೂಕ. ಇವೆಲ್ಲಕ್ಕಿಂತ ಮುಖ್ಯವಾಗಿ, ಸಿಕ್ಕದೆ ಹೋದ ಮೃಗಕ್ಕೂ ಒಂದು ಸಾಲು. ಊರಿನ ಹತ್ತು ಪುಸ್ತಕಗಳನ್ನು ಒಟ್ಟಿಗೆ ಇಟ್ಟು ನೋಡಿದರೆ, ಯಾವ ತೋಟಾ ಎಷ್ಟು ಗಜದವರೆಗೆ ನಂಬಿಕೆಗೆ ಅರ್ಹವೆಂಬುದು ಅಂಗಡಿಯವನ ಮಾತಿಲ್ಲದೆಯೇ ತಿಳಿಯುತ್ತದೆ.

ಗುಂಡು ಮೃಗವನ್ನು ದಾಟಿ ಹೊರಡುವುದು ಒಳ್ಳೆಯದೋ ಒಳಗೇ ನಿಲ್ಲುವುದು ಒಳ್ಳೆಯದೋ ಎಂಬುದು ಹಳೆಯ ವಾದ. ದಾಟಿದರೆ ಎರಡು ಗಾಯ, ರಕ್ತದ ಜಾಡು ಸ್ಪಷ್ಟ. ನಿಂತರೆ ಶಕ್ತಿಯೆಲ್ಲ ಒಡಲಿನಲ್ಲಿಯೇ ವ್ಯಯ. ಘೋರಾರಣ್ಯದಲ್ಲಿ ಮೊದಲಿನವರ ಪಕ್ಷವೇ ಮೇಲೆಂದು ನಮಗೆ ತೋರುತ್ತದೆ. ಆದರೆ ಬಾರ್ಕೂರಿನಂಥ ಊರಿನಲ್ಲಿ ಗದ್ದೆಯ ಅಂಚಿಗೆ ಮನೆ, ಮನೆಯ ಹಿಂದೆ ದಾರಿ, ನೆಲದಲ್ಲಿ ಮುರಕಲ್ಲು. ಹೊರಟ ಗುಂಡು ಕಲ್ಲಿಗೆ ಸಿಡಿದು ಎತ್ತ ಹೋಗುವುದೆಂದು ಹೇಳಬಲ್ಲವರಿಲ್ಲ. ಹಂದಿಯ ಹಿಂದೆ ಮಣ್ಣಿನ ದಿಬ್ಬವಿಲ್ಲದಿದ್ದರೆ ಯಾವ ಗುಂಡೂ ಒಳ್ಳೆಯ ಗುಂಡಲ್ಲ. ಸೀಸದ ಮಾತೂ ಉಂಟು. ಒಡೆಯುವ ಸೀಸವು ಕಣ್ಣಿಗೆ ಕಾಣದ ಚೂರುಗಳಾಗಿ ಮಾಂಸದಲ್ಲಿ ಹರಡುತ್ತದೆಂಬುದು ಕ್ಷಕಿರಣದ ಚಿತ್ರಗಳಿಂದ ಸಿದ್ಧವಾಗಿದೆ. ಕ್ಯಾಲಿಫೋರ್ನಿಯ ರಾಜ್ಯವು 2019ರ ಜುಲೈಯಿಂದ ಬೇಟೆಯಲ್ಲಿ ಸೀಸದ ಗುಂಡನ್ನು ಪೂರ್ತಿಯಾಗಿ ನಿಲ್ಲಿಸಿತು. ಸತ್ತ ಮೃಗವನ್ನು ತಿಂದ ರಣಹದ್ದುಗಳು ಸೀಸದ ವಿಷದಿಂದ ಸಾಯುತ್ತಿದ್ದುದೇ ಮುಖ್ಯ ಕಾರಣ. ಸಿಕ್ಕದೆ ಹೋದ ಹಂದಿಯ ಸೀಸವನ್ನು ತಿನ್ನುವುದು ನಮ್ಮ ಊರಿನ ನಾಯಿ, ನರಿ, ಹದ್ದುಗಳು.

ಗಾಯಗೊಂಡ ಹಂದಿಯ ಬೆಲೆಯನ್ನು ತೆರುವವನು ಹೊಡೆದವನೇ ಆಗಿರಬೇಕೆಂದಿಲ್ಲ. ಮರುದಿನ ಬೆಳಗ್ಗೆ ಹಾಡಿಗೆ ತರಗೆಲೆ ಗುಡಿಸಲು ಹೋದ ಹೆಂಗಸೋ, ದನ ಅಟ್ಟಿಕೊಂಡು ಹೋದ ಹುಡುಗನೋ ಆ ಪೊದೆಯ ಬಳಿ ಮೊದಲು ಕಾಲಿಡುತ್ತಾರೆ. ನೋವಿನಿಂದ ಹುಚ್ಚೆದ್ದ ಹಂದಿಯು ಹೊಡೆದವನಾರು, ಹೊಡೆಯದವನಾರು ಎಂದು ನೋಡುವುದಿಲ್ಲ.

ತುಳುನಾಡಿನವರು ಹಂದಿಯನ್ನು ಪಂಜುರ್ಲಿಯೆಂಬ ದೈವವಾಗಿ ನಂಬಿಕೊಂಡು ಬಂದಿದ್ದಾರೆ. ಪಾರ್ವತಿಯು ಸಾಕಿದ ಹಂದಿಮರಿಯು ತೋಟವನ್ನು ಹಾಳುಮಾಡಿ, ಈಶ್ವರನ ಕೋಪಕ್ಕೆ ಗುರಿಯಾಗಿ, ಆಮೇಲೆ ದೈವವಾಗಿ ಭೂಮಿಗೆ ಬಂದಿತೆಂದು ಒಂದು ಕಥೆ ಹೇಳುತ್ತದೆ. ಬೆಳೆಯನ್ನು ಕೆಡಿಸುವ ಪ್ರಾಣಿಗೇ ಬೆಳೆಯನ್ನು ಕಾಯುವ ಹೊಣೆಯನ್ನು ಒಪ್ಪಿಸಿ ಕೈಮುಗಿದವರು ನಮ್ಮ ಹಿರಿಯರು. ಅವರು ಹಂದಿಯನ್ನು ಕೊಲ್ಲಲಿಲ್ಲವೆಂದಲ್ಲ, ಕೊಂದರು. ಆದರೆ ಕೊಲ್ಲುವವನಿಗೂ ಕೊಲ್ಲಿಸಿಕೊಳ್ಳುವ ಪ್ರಾಣಿಗೂ ನಡುವೆ ಒಂದು ಋಣವುಂಟೆಂದು ತಿಳಿದಿದ್ದರು. ಆ ಋಣವನ್ನು ಇಂದಿನ ಮಾತಿನಲ್ಲಿ ಹೀಗೆ ಹೇಳಬಹುದು: ಸಂದೇಹವಿರುವ ದೂರಕ್ಕೆ ಈಡು ಬಿಡಲಾಗದು, ಬಿಟ್ಟ ಮೇಲೆ ಜಾಡು ಮುಗಿಯುವವರೆಗೆ ಹುಡುಕದೆ ಮನೆಗೆ ಹೋಗಲಾಗದು, ಸಿಕ್ಕದಿದ್ದರೆ, ಬೆಳಗಾಗುವುದರೊಳಗೆ ನೆರೆಕರೆಗೆ ಸುದ್ದಿ ಮುಟ್ಟಿಸದೆ ಇರಲಾಗದು. ಪೆಟ್ಟಿಗೆಯ ಮೇಲಿನ ಅಂಕಿಗಳೂ ಜೆಲಟಿನಿನ ಇಟ್ಟಿಗೆಯೂ ಗುಂಡಿನ ಬಲವನ್ನು ತೋರಿಸಬಲ್ಲುವು. ಅದರ ಗುಣವನ್ನು ತೋರಿಸತಕ್ಕುದು, ಸಿಕ್ಕದೆ ಹೋದ ಮೃಗಕ್ಕಾಗಿ ಆ ಪುಸ್ತಕದಲ್ಲಿ ಬರೆದಿಟ್ಟ ಸಾಲು.